ಐಕಿಯಾದಂಥ ಅಂಗಡಿ, ಅದರಡಿ ಹಳೇ ಜೈಲು: ‘ಹಾರರ್‌ಸ್ಟೋರ್’ ಕಾದಂಬರಿಯಲ್ಲಿ ದೆವ್ವಕ್ಕಿಂತ ಹೆಚ್ಚು ಹೆದರಿಸುವುದೇನು?

ಈ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಇದು ಕಾದಂಬರಿ ಎಂದು ಥಟ್ಟನೆ ಗೊತ್ತಾಗುವುದಿಲ್ಲ. ಅಗಲವಾದ ಆಕಾರ, ಮುಖಪುಟದಲ್ಲಿ ಚೊಕ್ಕವಾದ ಲಿವಿಂಗ್ ರೂಮ್, ಗೋಡೆಯ ಮೇಲೆ ಸಾಲಾಗಿ ಫೋಟೊ ಫ್ರೇಮ್‌ಗಳು. ಫರ್ನಿಚರ್ ಮಳಿಗೆಯವರು ಹಂಚುವ ಕ್ಯಾಟಲಾಗ್ ಇದ್ದಂತೆಯೇ ಇದೆ. ಇನ್ನೊಂದು ಸಲ ನೋಡಿದರೆ ಮಾತ್ರ ಆ ಫ್ರೇಮ್‌ಗಳಲ್ಲಿರುವುದು ಮನೆಯವರ ಫೋಟೊಗಳಲ್ಲ, ಹೊರಬರಲು ಹೆಣಗುತ್ತಿರುವ ಮುಖಗಳು ಎಂಬುದು ಕಾಣುತ್ತದೆ.

ಪುಸ್ತಕದ ಹೆಸರು ‘ಹಾರರ್‌ಸ್ಟೋರ್’. ಬರೆದವರು ಅಮೆರಿಕದ ಗ್ರೇಡಿ ಹೆಂಡ್ರಿಕ್ಸ್. ಫಿಲಡೆಲ್ಫಿಯಾದ ಕ್ವಿರ್ಕ್ ಬುಕ್ಸ್ ಇದನ್ನು 2014ರಲ್ಲಿ ಪ್ರಕಟಿಸಿತು. ಇಂಗ್ಲಿಷ್ ಹೆಸರಿನ ಕೊನೆಯ ‘ಓ’ ಅಕ್ಷರದ ತಲೆಯ ಮೇಲೆ ಸ್ವೀಡಿಷ್ ಭಾಷೆಯಲ್ಲಿರುವಂತೆ ಎರಡು ಚುಕ್ಕೆ ಇಟ್ಟಿದ್ದಾರೆ. ತಮಾಷೆ ಅಲ್ಲಿಂದಲೇ ಶುರು. ಸ್ವೀಡನ್ ಮೂಲದ ಐಕಿಯಾವನ್ನು ಕಾಪಿ ಹೊಡೆದ ಒಂದು ಅಮೆರಿಕನ್ ಕಂಪನಿ, ಅದರ ಮಳಿಗೆಯೊಳಗೆ ದೆವ್ವ, ಆ ದೆವ್ವದ ಕೈಗೆ ಸಿಕ್ಕಿಬೀಳುವ ಕಡಿಮೆ ಸಂಬಳದ ನೌಕರರು. ಒಂದು ಸಾಲಿನಲ್ಲಿ ಹೇಳಿದರೆ ಕತೆ ಇಷ್ಟೇ.

ಹೈದರಾಬಾದ್‌ನಲ್ಲಿ 2018ರ ಆಗಸ್ಟ್‌ನಲ್ಲಿ, ನವಿ ಮುಂಬೈನ ತುರ್ಭೆಯಲ್ಲಿ 2020ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಐಕಿಯಾ ಮಳಿಗೆಗಳು ಬಾಗಿಲು ತೆರೆದವು. ನಾಗಸಂದ್ರದಲ್ಲಿ ಮೊದಲ ವಾರಾಂತ್ಯಕ್ಕೆ ಸೇರಿದ ಜನಜಂಗುಳಿ ಎಷ್ಟಿತ್ತೆಂದರೆ, ಒಳಗೆ ಹೋಗಲು ಮೂರು ಗಂಟೆ ಕಾಯಬೇಕು ಎಂದು ಕಂಪನಿಯೇ ಟ್ವೀಟ್ ಮಾಡಬೇಕಾಯಿತು. ಅಂಥ ಮಳಿಗೆಯಲ್ಲಿ ಒಮ್ಮೆ ಸುತ್ತಾಡಿದವರಿಗೆ ಈ ಕಾದಂಬರಿಯ ಅರ್ಧ ಜೋಕು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಉಳಿದರ್ಧ ಅರ್ಥವಾಗಲು ಕೌಂಟರ್‌ನ ಆಚೆ ಬದಿಯಲ್ಲಿ ನಿಂತಿರಬೇಕು.

ಕತೆ ಏನು?

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಬಳಿ, ಕಯಾಹೋಗಾ ಎಂಬಲ್ಲಿ ‘ಓರ್ಸ್ಕ್’ ಎಂಬ ಭಾರಿ ಫರ್ನಿಚರ್ ಮಳಿಗೆ. ಬೆಳಿಗ್ಗೆ ಶಟರ್ ಎತ್ತಿದಾಗ ದಿನಾ ಏನಾದರೊಂದು ಕಿತಾಪತಿ ಆಗಿರುತ್ತದೆ. ಕಪಾಟುಗಳು ಮುರಿದಿರುತ್ತವೆ, ಗಾಜಿನ ಲೋಟಗಳು ಒಡೆದಿರುತ್ತವೆ, ಹೊಸ ಸೋಫಾದ ಮೇಲೆ ಹೇಸಿಗೆ. ಸಿಸಿಟಿವಿಯಲ್ಲಿ ಏನೂ ಸೆರೆಯಾಗಿರುವುದಿಲ್ಲ. ಮಾರನೇ ದಿನ ಹೆಡ್ ಆಫೀಸಿನವರು ತಪಾಸಣೆಗೆ ಬರುವವರಿದ್ದಾರೆ. ಅಷ್ಟರೊಳಗೆ ಕಳ್ಳ ಯಾರೆಂದು ಪತ್ತೆಯಾಗಬೇಕು. ಉಪ ಮ್ಯಾನೇಜರ್ ಬೇಸಿಲ್ ಇಬ್ಬರು ನೌಕರರನ್ನು ಗುಟ್ಟಾಗಿ ಕರೆದು, ರಾತ್ರಿಯಿಡೀ ಮಳಿಗೆಯೊಳಗೆ ಕಾವಲಿರಲು ಒಪ್ಪಿಸುತ್ತಾನೆ. ಅದಕ್ಕೆ ಹೆಚ್ಚುವರಿ ಹಣ.

ಇಬ್ಬರಲ್ಲಿ ಒಬ್ಬಳು ಏಮಿ, ಕತೆಯ ನಾಯಕಿ. ಕೆಲಸದ ಮೇಲೆ ಅವಳಿಗೆ ಕಿಂಚಿತ್ತೂ ಪ್ರೀತಿಯಿಲ್ಲ. ಬಾಡಿಗೆ ಬಾಕಿ ಉಳಿದಿದೆ, ಬೇರೆ ಊರಿನ ಶಾಖೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದಾಳೆ, ಬೇಸಿಲ್ ಎದುರು ಬಂದರೆ ದಾರಿ ಬದಲಿಸುತ್ತಾಳೆ. ಇನ್ನೊಬ್ಬಳು ರೂತ್ ಆ್ಯನ್. ವರ್ಷಗಟ್ಟಲೆ ಅದೇ ಮಳಿಗೆಯಲ್ಲಿ ದುಡಿದು, ಅದನ್ನೇ ಮನೆ ಎಂದುಕೊಂಡ ಹಿರಿಯಾಕೆ. ಇವರ ಜೊತೆಗೆ, ದೆವ್ವದ ವಿಡಿಯೊ ಮಾಡಿ ಟಿವಿ ಶೋ ಗಿಟ್ಟಿಸಬೇಕೆಂದು ಕದ್ದು ಒಳಗೆ ಉಳಿದ ಇಬ್ಬರು ಸಹೋದ್ಯೋಗಿಗಳು, ತಲೆ ಮೇಲೆ ಸೂರಿಲ್ಲದೆ ರಾತ್ರಿ ಹೊತ್ತು ಅಲ್ಲೇ ಅಡಗಿ ಮಲಗುವ ಒಬ್ಬ ಬಡವ. ರಾತ್ರಿ ಏರಿದಂತೆ ಶೋರೂಂ ಬದಲಾಗುತ್ತದೆ. ಗೋಡೆಗೆ ಒರಗಿಸಿಟ್ಟ ಪ್ರದರ್ಶನದ ಬಾಗಿಲು ತೆರೆದರೆ ಹಿಂದೆ ಗೋಡೆ ಇರಬೇಕು. ಇರುವುದು ಉದ್ದನೆಯ ಕತ್ತಲ ಓಣಿ.

ಯಾಕೆಂದರೆ ಮಳಿಗೆ ಕಟ್ಟಿದ ಜಾಗದಲ್ಲಿ 19ನೇ ಶತಮಾನದಲ್ಲಿ ಒಂದು ಜೈಲಿತ್ತು. ಜೋಸೈಯಾ ವರ್ತ್ ಎಂಬ ಅದರ ವಾರ್ಡನ್‌ಗೆ ಒಂದು ಹುಚ್ಚು ಸಿದ್ಧಾಂತ. ಎಡೆಬಿಡದ ಕಾವಲು ಮತ್ತು ಕೊನೆಯಿಲ್ಲದ, ಅರ್ಥವಿಲ್ಲದ ದುಡಿಮೆಯಿಂದ ಮನುಷ್ಯನ ಕೆಟ್ಟ ಬುದ್ಧಿಯನ್ನು ಗುಣಪಡಿಸಬಹುದು ಎಂದು ಅವನ ನಂಬಿಕೆ. ಸತ್ತ ಮೇಲೂ ಚಿಕಿತ್ಸೆ ನಿಲ್ಲಿಸಿಲ್ಲ. ಹೊಸ ರೋಗಿಗಳು ಅವನಿಗೆ ಸಿಕ್ಕಿದ್ದಾರೆ, ಅಷ್ಟೇ. ಮುಂದಿನದನ್ನು ಇಲ್ಲಿ ಹೇಳಿದರೆ ಓದುವವರಿಗೆ ಮೋಸ.

ಮನೆ ಬಿಟ್ಟು ಓಡಬಾರದೇಕೆ?

ಹಾರರ್ ಸಿನಿಮಾ ನೋಡುವಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ‘ದೆವ್ವ ಇದೆ ಅಂತ ಗೊತ್ತಾಯ್ತಲ್ಲ, ಮನೆ ಬಿಟ್ಟು ಹೋಗಬಾರದಾ?’ ದೆವ್ವದ ಮನೆಯ ಕತೆಗಳು ಸಾಮಾನ್ಯವಾಗಿ ಮನೆ ಕೊಂಡವರ ಕತೆಗಳು. ‘ಆಪ್ತಮಿತ್ರ’ದಲ್ಲೂ ಹಳೆಯ ಅರಮನೆ ಕೊಂಡ ದಂಪತಿಯೇ ತೊಂದರೆಗೆ ಸಿಲುಕುವುದು. ಕೊಟ್ಟ ದುಡ್ಡು, ಮನೆತನ, ಹಟ, ಕುತೂಹಲ ಹೀಗೆ ಅಂಥ ಕತೆಗಳಲ್ಲಿ ಜನ ಮನೆಯಲ್ಲೇ ಉಳಿಯಲು ಲೇಖಕರು ಏನಾದರೊಂದು ಕಾರಣ ಹುಡುಕಬೇಕಾಗುತ್ತದೆ.

ಹೆಂಡ್ರಿಕ್ಸ್‌ಗೆ ಆ ಕಷ್ಟವೇ ಇಲ್ಲ. ಅವರ ಪಾತ್ರಗಳಿಗೆ ಅಂಗಡಿ ಸ್ವಂತದ್ದಲ್ಲ, ಅಲ್ಲಿನ ಒಂದು ಸ್ಟೂಲೂ ಅವರದಲ್ಲ. ಆದರೂ ಬಿಟ್ಟು ಹೋಗುವಂತಿಲ್ಲ, ತಿಂಗಳ ಬಾಡಿಗೆ ಕಟ್ಟಬೇಕಲ್ಲ. ಏಮಿ ರಾತ್ರಿ ಪಾಳಿಗೆ ಒಪ್ಪಿದ್ದು ಧೈರ್ಯಕ್ಕಲ್ಲ, ಕಂಪನಿ ಮೇಲಿನ ಅಭಿಮಾನಕ್ಕೂ ಅಲ್ಲ, ಜೇಬು ಖಾಲಿಯಾದದ್ದಕ್ಕೆ. ನನ್ನ ಮಟ್ಟಿಗೆ ಈ ಪುಸ್ತಕದ ಅತ್ಯಂತ ಜಾಣ ನಡೆ ಇದು. ಹಾರರ್ ಕತೆಗಳ ಹಳೆಯ ಲೋಪಕ್ಕೆ ಸಂಬಳದ ಚೀಟಿಯೇ ಉತ್ತರ.

ಮಾಲ್ ಮತ್ತು ಭಯವನ್ನು ಜೋಡಿಸಿದವರಲ್ಲಿ ಹೆಂಡ್ರಿಕ್ಸ್ ಮೊದಲಿಗರಲ್ಲ. ಜಾರ್ಜ್ ರೊಮೆರೊ ಅವರ 1978ರ ‘ಡಾನ್ ಆಫ್ ದ ಡೆಡ್’ ಚಿತ್ರದಲ್ಲಿ ಜೋಂಬಿಗಳು ಸತ್ತ ಮೇಲೂ ಅಭ್ಯಾಸಬಲದಿಂದ ಶಾಪಿಂಗ್ ಮಾಲ್‌ಗೆ ಬರುತ್ತಾರೆ. ಪೆನ್ಸಿಲ್ವೇನಿಯಾದ ಮನ್ರೋವಿಲ್ ಮಾಲ್ ಬಾಗಿಲು ಹಾಕಿದ ಮೇಲೆ ರಾತ್ರಿಗಳಲ್ಲಿ ಅದರ ಚಿತ್ರೀಕರಣ ನಡೆದಿತ್ತು. ಅಲ್ಲಿ ಗೇಲಿಗೆ ಗುರಿಯಾದವರು ಗಿರಾಕಿಗಳು. ‘ಹಾರರ್‌ಸ್ಟೋರ್’ನಲ್ಲಿ ಗಿರಾಕಿಗಳು ಹೆಚ್ಚು ಹೊತ್ತು ಇರುವುದೇ ಇಲ್ಲ. ಅವರು ಹೋದ ಮೇಲೆ ಲೈಟ್ ಆರಿಸುವವರ ಕತೆ ಇದು.

ಕ್ಯಾಟಲಾಗ್ ಮಾಡುವ ಕೆಲಸ

ಪುಸ್ತಕದ ವಿನ್ಯಾಸ ಬರೀ ಅಲಂಕಾರವಲ್ಲ. ಒಳಗೆ ಮಳಿಗೆಯ ನಕ್ಷೆ ಇದೆ, ಆರ್ಡರ್ ಫಾರಂ ಇದೆ. ಪ್ರತಿ ಅಧ್ಯಾಯದ ಆರಂಭಕ್ಕೆ ಒಂದು ಸಾಮಾನಿನ ಚಿತ್ರ, ಅದಕ್ಕೊಂದು ಸ್ವೀಡಿಷ್‌ನಂತೆ ಕೇಳಿಸುವ ಹುಸಿ ಹೆಸರು, ಕೆಳಗೆ ಸಿಹಿಯಾದ ನಾಲ್ಕು ಸಾಲು ಜಾಹೀರಾತು. ಮೊದಲನೆಯದು ‘ಬ್ರೂಕಾ’ ಎಂಬ ಸೋಫಾ. ಬಣ್ಣ, ಅಳತೆ, ಐಟಂ ನಂಬರ್ ಎಲ್ಲವೂ ಇದೆ. ಓದುವವರು ನಕ್ಕು ಮುಂದೆ ಹೋಗುತ್ತಾರೆ.

ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಸಾಮಾನುಗಳು ಬದಲಾಗುತ್ತವೆ. ಸೋಫಾ, ಕಪಾಟಿನ ಜಾಗಕ್ಕೆ ಹಿಂಸೆಯ ಉಪಕರಣಗಳು ಬರುತ್ತವೆ. ‘ಬೋಡಾವೆಸ್ಟ್’ ಎಂಬುದು ಕೈದಿಯನ್ನು ಅಲುಗಾಡದಂತೆ ಬಿಗಿಯುವ ಕುರ್ಚಿ. ಆದರೆ ಭಾಷೆ ಮಾತ್ರ ಬದಲಾಗುವುದಿಲ್ಲ. ಅದೇ ನಯ, ಅದೇ ‘ನಿಮಗಾಗಿಯೇ ಮಾಡಿದ್ದು’ ಎಂಬ ಧಾಟಿ. ಕಂಪನಿಯ ಜಾಹೀರಾತಿನ ಭಾಷೆಯಲ್ಲಿ ಏನನ್ನು ಬೇಕಾದರೂ ಮಾರಬಹುದು ಎಂಬ ಮಾತನ್ನು ಲೇಖಕರು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಪುಟ ತಿರುಗಿಸುತ್ತಾ ಹೋದರೆ ತಾನಾಗಿ ತಿಳಿಯುತ್ತದೆ. ವಿನ್ಯಾಸ ಮಾಡಿದವರು ಆ್ಯಂಡಿ ರೀಡ್, ಚಿತ್ರ ಬರೆದವರು ಮೈಕೆಲ್ ರೊಗಾಲ್ಸ್ಕಿ. ಈ ಪುಸ್ತಕದ ಅರ್ಧ ಶ್ರೇಯ ಅವರಿಗೇ ಸಲ್ಲಬೇಕು.

ಅಂದಹಾಗೆ, ಆ ಕುರ್ಚಿ ಪೂರ್ತಿ ಕಲ್ಪನೆಯೂ ಅಲ್ಲ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ವೈದ್ಯ ಬೆಂಜಮಿನ್ ರಶ್, ಮಾನಸಿಕ ರೋಗಿಗಳಿಗೆಂದು 1811ರ ಸುಮಾರಿಗೆ ಇಂಥದೇ ಒಂದು ಕುರ್ಚಿ ರೂಪಿಸಿದ್ದರು. ಕೈಕಾಲು ಕಟ್ಟಿ, ತಲೆಗೆ ಮರದ ಪೆಟ್ಟಿಗೆ ಹಾಕಿ ಕೂರಿಸುವುದು. ಅದಕ್ಕೆ ಅವರು ಇಟ್ಟ ಹೆಸರು ‘ಟ್ರಾಂಕ್ವಿಲೈಸರ್’, ಅಂದರೆ ಶಾಂತಗೊಳಿಸುವ ಸಾಧನ. ಹಿಂಸೆಗೆ ಹಿತವಾದ ಹೆಸರಿಡುವುದನ್ನು ಫರ್ನಿಚರ್ ಕಂಪನಿಗಳು ಕಂಡುಹಿಡಿಯಲಿಲ್ಲ.

ಓರ್ಸ್ಕ್‌ನಲ್ಲಿ ನೌಕರರನ್ನು ನೌಕರರೆನ್ನುವಂತಿಲ್ಲ, ಅವರು ‘ಪಾರ್ಟ್‌ನರ್‌ಗಳು’. ಲಾಭದಲ್ಲಿ ಪಾಲಿಲ್ಲದ ಪಾಲುದಾರರು. ವರ್ತ್‌ನ ಜೈಲಿನಲ್ಲೂ ಕೈದಿಗಳನ್ನು ಕೈದಿಗಳೆನ್ನುವುದಿಲ್ಲ. ಅವರು ‘ಪಶ್ಚಾತ್ತಾಪಿಗಳು’. ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾದಂಬರಿ ಎತ್ತ ಹೊರಟಿದೆ ಎಂಬುದು ಗೊತ್ತಾಗುತ್ತದೆ.

ದಾರಿ ತಪ್ಪಿಸುವ ವಿನ್ಯಾಸ

ಐಕಿಯಾದೊಳಗೆ ನಡೆದವರಿಗೆ ನೆಲದ ಮೇಲಿನ ಬಾಣದ ಗುರುತುಗಳು ನೆನಪಿರಬಹುದು. ಒಂದು ದಿಂಬು ಬೇಕೆಂದು ಹೋದವರು ಅಡುಗೆಮನೆ, ಮಲಗುವ ಕೋಣೆ, ಮಕ್ಕಳ ಕೋಣೆ ಎಲ್ಲವನ್ನೂ ಹಾದು ಹೊರಬರುತ್ತಾರೆ. ಅಡ್ಡದಾರಿಗಳೂ ಇವೆ, ಹುಡುಕಬೇಕು ಅಷ್ಟೇ. ಕಾದಂಬರಿಯಲ್ಲಿ ಈ ಹಾದಿಗೆ ‘ಬ್ರೈಟ್ ಆ್ಯಂಡ್ ಶೈನಿಂಗ್ ಪಾತ್’ ಎಂಬ ಭಕ್ತಿಭಾವದ ಹೆಸರಿದೆ. ಹಗಲಲ್ಲಿ ಗಿರಾಕಿಗೆ ದಿಕ್ಕು ತಪ್ಪಿಸಲು ಕಟ್ಟಿದ ಹಾದಿ, ರಾತ್ರಿ ನೌಕರರಿಗೆ ಬಲೆಯಾಗುತ್ತದೆ.

ಅಂಗಡಿಯ ಥಳಕು ಮತ್ತು ಗೊಂದಲದಲ್ಲಿ ಬಂದ ಉದ್ದೇಶ ಮರೆತು ಏನೇನೋ ಕೊಳ್ಳಲು ಶುರುಮಾಡುವ ಕ್ಷಣಕ್ಕೆ ವ್ಯಾಪಾರದ ಪರಿಭಾಷೆಯಲ್ಲಿ ‘ಗ್ರುಯೆನ್ ಟ್ರಾನ್ಸ್‌ಫರ್’ ಎನ್ನುತ್ತಾರೆ. ವಿಕ್ಟರ್ ಗ್ರುಯೆನ್ ಆಸ್ಟ್ರಿಯಾದಿಂದ ಅಮೆರಿಕಕ್ಕೆ ಬಂದ ವಾಸ್ತುಶಿಲ್ಪಿ. ಮಿನೆಸೋಟಾದ ಈಡೈನಾದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಸೆಂಟರ್ ಅವರ ವಿನ್ಯಾಸ. ಇಂದಿನ ಹವಾನಿಯಂತ್ರಿತ ಮಾಲ್‌ಗಳಿಗೆಲ್ಲ ಅದೇ ಮೂಲ. ಗ್ರುಯೆನ್ ಬಯಸಿದ್ದು ಜನ ಸೇರಿ ಹರಟುವ ಪೇಟೆ ಚೌಕವನ್ನು. ಆದದ್ದು ಬೇರೆ. ಮಾಲ್‌ಗಳು ತನ್ನ ಮಕ್ಕಳಲ್ಲ ಎಂದು ಕೊನೆಗೆ ಅವರೇ ಕೈತೊಳೆದುಕೊಂಡು ವಿಯೆನ್ನಾಕ್ಕೆ ಮರಳಿದರು.

ಜೈಲು ಹುಟ್ಟಿದ್ದು ಕಾರ್ಖಾನೆಯಲ್ಲಿ

ವರ್ತ್‌ನ ಜೈಲು ‘ಪ್ಯಾನಾಪ್ಟಿಕನ್’ ಮಾದರಿಯದು. ದುಂಡಗಿನ ಕಟ್ಟಡ, ಸುತ್ತ ಕೋಣೆಗಳು, ನಡುವೆ ಕಾವಲು ಗೋಪುರ. ಗೋಪುರದಲ್ಲಿರುವವನಿಗೆ ಎಲ್ಲರೂ ಕಾಣುತ್ತಾರೆ, ಕೋಣೆಯಲ್ಲಿರುವವರಿಗೆ ಅವನು ಕಾಣುವುದಿಲ್ಲ. ಆ ಕ್ಷಣಕ್ಕೆ ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ತಿಳಿಯದ ಕಾರಣ, ಸದಾ ನೋಡುತ್ತಿದ್ದಾರೆ ಎಂದುಕೊಂಡೇ ನಡೆದುಕೊಳ್ಳಬೇಕು. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1791ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಈ ಯೋಚನೆ ಮೂಲದಲ್ಲಿ ಜೈಲಿನದ್ದಲ್ಲ. ಜೆರೆಮಿಯವರ ತಮ್ಮ ಸ್ಯಾಮುಯೆಲ್ ಬೆಂಥಮ್ ಆಗ ರಷ್ಯಾದಲ್ಲಿ ರಾಜಕುಮಾರ ಪೊಟೆಮ್ಕಿನ್ ಬಳಿ ಕೆಲಸಕ್ಕಿದ್ದರು. ಇಂದು ಬೆಲಾರೂಸ್‌ನಲ್ಲಿರುವ ಕ್ರಿಚೆವ್ ಎಂಬಲ್ಲಿನ ಜಹಗೀರಿನ ಕಾರ್ಖಾನೆಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಕೆಲಸ ಬಾರದ ನೂರಾರು ಮಂದಿಯ ಮೇಲೆ ಕೆಲವೇ ಮೇಲ್ವಿಚಾರಕರು ಕಣ್ಣಿಡಬೇಕು. ಹೇಗೆ? ನಡುವೆ ಒಬ್ಬ, ಸುತ್ತ ಎಲ್ಲರೂ ಎಂಬ ದುಂಡು ಕಟ್ಟಡ ಹೊಳೆದದ್ದು ಆಗ. 1786–87ರಲ್ಲಿ ತಮ್ಮನನ್ನು ನೋಡಲು ಹೋದ ಅಣ್ಣ ಅದನ್ನು ಜೈಲು, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಹೊಂದುತ್ತದೆ ಎಂದು ವಿಸ್ತರಿಸಿದರು. ಅಂದರೆ ನೌಕರರನ್ನು ಕಾಯುವ ಯೋಜನೆಯೇ ಮುಂದೆ ಕೈದಿಗಳನ್ನು ಕಾಯುವ ಯೋಜನೆಯಾಯಿತು. ‘ಹಾರರ್‌ಸ್ಟೋರ್’ ಜೈಲಿನ ಮೇಲೆ ಅಂಗಡಿ ಕಟ್ಟಿದ್ದು ಬರೀ ದೆವ್ವದ ಕತೆಯ ಹಳೆಯ ತಂತ್ರದಂತೆ ಕಾಣುತ್ತದೆ. ಇತಿಹಾಸ ನೋಡಿದರೆ ಎರಡೂ ಒಂದೇ ನಕ್ಷೆಯ ಮಕ್ಕಳು.

ಬೆಂಥಮ್ ಬದುಕಿರುವಾಗ ಬ್ರಿಟನ್‌ನಲ್ಲಿ ಅವರ ಜೈಲು ಮೇಲೇಳಲಿಲ್ಲ. ಯೋಜನೆ ಕೈಬಿಟ್ಟ ಸರ್ಕಾರ 1813ರಲ್ಲಿ 23 ಸಾವಿರ ಪೌಂಡ್ ಪರಿಹಾರ ಕೊಟ್ಟು ಸುಮ್ಮನಾಯಿತು. ದೆವ್ವದ ಕತೆಗೆ ತಕ್ಕ ಮಾತೊಂದಿದೆ. ತಮ್ಮ ಉಯಿಲಿನ ಪ್ರಕಾರ ಬೆಂಥಮ್ ಅವರ ಅಸ್ಥಿಪಂಜರಕ್ಕೆ ಅವರದೇ ಬಟ್ಟೆ ತೊಡಿಸಿ, ಮೇಣದ ತಲೆ ಜೋಡಿಸಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ್ದಾರೆ. ಈಗಲೂ ಹೋದವರನ್ನೆಲ್ಲ ನೋಡುತ್ತಾ ಕೂತಿದ್ದಾರೆ.

ನಡುವೆ ಗೋಪುರ, ಸುತ್ತ ಬ್ಯಾರಕ್‌ಗಳು ಎಂಬ ವ್ಯವಸ್ಥೆ ಹೇಗಿರುತ್ತದೆ ಎಂದು ನೋಡಲು ಲಂಡನ್‌ಗೆ ಹೋಗಬೇಕಿಲ್ಲ. ಬೆಂಗಳೂರಿನ ಫ್ರೀಡಂ ಪಾರ್ಕ್ ಹಿಂದೆ ಸೆಂಟ್ರಲ್ ಜೈಲಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇರಿಸಿದ್ದ ಜೈಲು ಅದು. ಆವರಣದ ನಡುವಿನ ಕಾವಲು ಗೋಪುರ ಇಂದಿಗೂ ಅಲ್ಲೇ ನಿಂತಿದೆ. ಕೂಲಿ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು ಧರಣಿ ಕೂರುವುದೂ ಅಲ್ಲಿಯೇ. ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು 1906ರಲ್ಲಿ ಪೂರ್ಣಗೊಂಡಿತು. ನಡುವಿನ ಗೋಪುರದಿಂದ ಏಳು ತೋಳು ಚಾಚಿದ ಆ ಜೈಲಿನಲ್ಲಿ ಕೈದಿಗಳನ್ನು ಎತ್ತುಗಳಂತೆ ಗಾಣಕ್ಕೆ ಹೂಡುತ್ತಿದ್ದರು. ಅಲ್ಲಿ ಎಣ್ಣೆಯಾದರೂ ಬರುತ್ತಿತ್ತು. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ರೂಪಿಸಿದ ‘ಟ್ರೆಡ್‌ವೀಲ್’ ಮೇಲೆ ಕೈದಿಗಳು ಗಂಟೆಗಟ್ಟಲೆ ಹತ್ತುತ್ತಿದ್ದರು. ಕೆಲವು ಕಡೆ ಅದು ಹಿಟ್ಟು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಇನ್ನು ಕೆಲವು ಕಡೆ ಬರೀ ಗಾಳಿಯಲ್ಲಿ ತಿರುಗುತ್ತಿತ್ತು. ಇಂದು ಜಿಮ್‌ನಲ್ಲಿ ದುಡ್ಡು ಕೊಟ್ಟು ಓಡುವ ಟ್ರೆಡ್‌ಮಿಲ್‌ಗೆ ಆ ಹೆಸರು ಬಂದದ್ದು ಇಲ್ಲಿಂದ. ವರ್ತ್‌ನ ಜೈಲಿನ ಅರ್ಥವಿಲ್ಲದ ದುಡಿಮೆ ಲೇಖಕರ ಅತಿರೇಕವೇನಲ್ಲ.

ಕತೆಗಿಂತ ಮುಂದೆ ಹೋದ ನಿಜ

ಫರ್ನಿಚರ್ ಮತ್ತು ಜೈಲು ಎಂಬ ಜೋಡಿ ಕಾದಂಬರಿಯಾಚೆಗೂ ಇದೆ. ಪೂರ್ವ ಜರ್ಮನಿಯಲ್ಲಿ ಕಮ್ಯುನಿಸ್ಟ್ ಆಡಳಿತವಿದ್ದಾಗ, 1970 ಮತ್ತು 80ರ ದಶಕಗಳಲ್ಲಿ, ಐಕಿಯಾಕ್ಕೆ ಸಾಮಾನು ಪೂರೈಸುತ್ತಿದ್ದ ಅಲ್ಲಿನ ಕಾರ್ಖಾನೆಗಳು ಕೈದಿಗಳನ್ನು ದುಡಿಸಿಕೊಂಡಿದ್ದವು. ಅವರಲ್ಲಿ ಸರ್ಕಾರದ ವಿರುದ್ಧ ಮಾತಾಡಿ ಜೈಲು ಸೇರಿದ್ದ ರಾಜಕೀಯ ಕೈದಿಗಳೂ ಇದ್ದರು. ಐಕಿಯಾ ಲೆಕ್ಕಪರಿಶೋಧನಾ ಸಂಸ್ಥೆಯೊಂದರಿಂದ ತನಿಖೆ ಮಾಡಿಸಿತು. 2012ರ ನವೆಂಬರ್‌ನಲ್ಲಿ ಬಂದ ವರದಿ, ಇಂಥದ್ದು ನಡೆದಿರಬಹುದು ಎಂಬುದು ಆಗಿನ ಕೆಲವು ಅಧಿಕಾರಿಗಳಿಗೆ ತಿಳಿದಿತ್ತು ಎಂದಿತು. ಕಂಪನಿ ವಿಷಾದ ವ್ಯಕ್ತಪಡಿಸಿತು. ಸಂತ್ರಸ್ತರ ನೆರವು ನಿಧಿಗೆ 60 ಲಕ್ಷ ಯೂರೊ ಕೊಡುವುದಾಗಿ ಐಕಿಯಾದ ಜರ್ಮನ್ ಘಟಕ ಘೋಷಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಕಾದಂಬರಿ ಬಂದು ಆಗಲೇ ಹತ್ತು ವರ್ಷವಾಗಿತ್ತು.

ಇನ್ನೊಂದು ಪ್ರಕರಣ ಫ್ರಾನ್ಸ್‌ನದು. ಖಾಸಗಿ ಪತ್ತೇದಾರರ ಮೂಲಕ ನೌಕರರು, ಕೆಲಸಕ್ಕೆ ಅರ್ಜಿ ಹಾಕಿದವರು ಮತ್ತು ಯೂನಿಯನ್ ಸದಸ್ಯರ ಖಾಸಗಿ ಮಾಹಿತಿ, ಪೊಲೀಸ್ ದಾಖಲೆಗಳನ್ನು ಅಕ್ರಮವಾಗಿ ಸಂಗ್ರಹಿಸಿದ ಆರೋಪ ಐಕಿಯಾ ಫ್ರಾನ್ಸ್ ಮೇಲೆ ಸಾಬೀತಾಯಿತು. 2021ರ ಜೂನ್‌ನಲ್ಲಿ ವರ್ಸೇಲ್ಸ್ ನ್ಯಾಯಾಲಯ 10 ಲಕ್ಷ ಯೂರೊ ದಂಡ ವಿಧಿಸಿತು. ಘಟಕದ ಮಾಜಿ ಮುಖ್ಯಸ್ಥರೊಬ್ಬರಿಗೆ ಎರಡು ವರ್ಷಗಳ ಅಮಾನತು ಶಿಕ್ಷೆಯಾಯಿತು. ಗೋಪುರ ಕಟ್ಟದೆಯೂ ಪ್ಯಾನಾಪ್ಟಿಕನ್ ನಡೆಸಬಹುದು.

ಇಲ್ಲೇ ಕಾದಂಬರಿಯ ಮೇಲೆ ನನಗೊಂದು ತಕರಾರಿದೆ. ಹಗಲಿನ ಓರ್ಸ್ಕ್ ಬಗ್ಗೆ ಬರೆದ ಮೊದಲ ಭಾಗ ಹರಿತವಾಗಿದೆ. ಕಂಪನಿ ಗೀತೆಯಂತಹ ಘೋಷಣೆಗಳು, ನಿಯಮ ಪುಸ್ತಕವನ್ನು ಬಾಯಿಪಾಠ ಮಾಡಿದ ಬೇಸಿಲ್, ಮುಖದ ಮೇಲಿನ ಕಡ್ಡಾಯ ನಗು, ಒಂದೊಂದೂ ಚುಚ್ಚುತ್ತದೆ. ಆದರೆ ವರ್ತ್ ಬಂದ ಮೇಲೆ ಕೆಟ್ಟದ್ದೆಲ್ಲ ನೂರಾರು ವರ್ಷ ಹಳೆಯ ಒಬ್ಬ ಹುಚ್ಚನ ಲೆಕ್ಕಕ್ಕೆ ಹೋಗುತ್ತದೆ, ಕಂಪನಿ ಸ್ವಲ್ಪ ಸಲೀಸಾಗಿ ಪಾರಾಗುತ್ತದೆ. ಓಟ, ಚೀರಾಟ, ರಕ್ತ ಎಲ್ಲ ಬೇರೆ ಹಾರರ್‌ಗಳಲ್ಲಿ ನೋಡಿದ್ದೇ. ಟಿವಿ ಶೋ ಕನಸಿನ ಜೋಡಿ ಕೊನೆಯವರೆಗೂ ತೆಳುವಾಗಿಯೇ ಉಳಿಯುತ್ತದೆ. ಲೇಖಕರಿಗೆ ಇದು ಗೊತ್ತಿತ್ತೇನೋ ಎನಿಸುವಂತೆ, ಕಡೆಯ ಕೆಲವು ಪುಟಗಳಲ್ಲಿ ಮತ್ತೆ ಕಂಪನಿ, ಕೆಲಸ, ಸಂಬಳಕ್ಕೇ ಮರಳುತ್ತಾರೆ. ಆ ಕೊನೆ ಚೆನ್ನಾಗಿದೆ.

ಬೇಸಿಲ್ ಬಗ್ಗೆ ಇನ್ನೊಂದು ಮಾತು. ಅವನನ್ನು ಬರೀ ಕೋಡಂಗಿ ಮಾಡಿ ಬಿಡಬಹುದಿತ್ತು. ಹೆಂಡ್ರಿಕ್ಸ್ ಹಾಗೆ ಮಾಡುವುದಿಲ್ಲ. ಮೇಲಿನವರ ಭಾಷೆ ಆಡುವ, ಕೆಳಗಿನವರ ಸಂಬಳಕ್ಕಿಂತ ಸ್ವಲ್ಪವೇ ಜಾಸ್ತಿ ಪಡೆಯುವ, ತಪ್ಪಾದರೆ ಮೊದಲು ತಲೆ ಕೊಡಬೇಕಾದ ಮಧ್ಯದ ಮನುಷ್ಯ ಅವನು. ನಮ್ಮ ಶೋರೂಂಗಳಲ್ಲೂ ಫ್ಲೋರ್ ಮ್ಯಾನೇಜರ್‌ಗಳ ಪಾಡು ಇದೇ. ಬೈಸಿಕೊಳ್ಳುವುದು ಎರಡೂ ಕಡೆಯಿಂದ.

ಕೂರುವ ಹಕ್ಕಿಗೂ ಕಾನೂನು ಬೇಕಾಯಿತು

ಅಂಗಡಿ ಕೆಲಸದ ನಿಜವಾದ ಭಯಾನಕ ಕತೆಗಳಿಗೆ ದೆವ್ವ ಬೇಕಾಗಿಲ್ಲ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಉದಾಹರಣೆ ಇದೆ. ಚೆನ್ನೈನ ಟಿ. ನಗರದ ರಂಗನಾಥನ್ ಬೀದಿಗೆ ಹಬ್ಬದ ಬಟ್ಟೆಗೆ ಹೋಗುವ ಕನ್ನಡಿಗರಿಗೆ ವಸಂತಬಾಲನ್ ನಿರ್ದೇಶನದ ತಮಿಳು ಚಿತ್ರ ‘ಅಂಗಾಡಿ ತೆರು’ ಗೊತ್ತಿರಬಹುದು. 2010ರ ಆ ಚಿತ್ರದಲ್ಲಿ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಬಹುಮಹಡಿ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುತ್ತಾರೆ, ಗೋಡೆಗೆ ಒರಗಿದರೂ ಏಟು. ಬೆಳಕು, ಬಣ್ಣ, ಗಿಜಿಗಿಜಿಯ ನಡುವೆ ಯಾರಿಗೂ ಕಾಣದೆ ನಡೆಯುವ ಕ್ರೌರ್ಯದ ಚಿತ್ರ ಅದು. ದೆವ್ವ ಇಲ್ಲದ ‘ಹಾರರ್‌ಸ್ಟೋರ್’ ಎಂದರೂ ನಡೆಯುತ್ತದೆ.

ಕೇರಳದ ಕೋಯಿಕ್ಕೋಡ್‌ನ ಮಿಠಾಯಿ ತೆರುವು ಎಂಬ ವ್ಯಾಪಾರದ ಬೀದಿಯಲ್ಲಿ ಅಂಗಡಿಗಳ ಹೆಣ್ಣುಮಕ್ಕಳು ಇದೇ ವಿಷಯಕ್ಕೆ ಸಂಘಟಿತರಾದರು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಶೌಚಾಲಯವಿಲ್ಲ. ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಅವರ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟು’ ಎಂಬ ಸಂಘಟನೆ ಹುಟ್ಟಿತು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರಲು ವ್ಯವಸ್ಥೆ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅಂಥದೇ ಕಾನೂನು ಮಾಡಿತು. ಬ್ರಿಟನ್‌ನಲ್ಲಿ ಪ್ರತಿ ಮೂವರು ಅಂಗಡಿ ಕೆಲಸದ ಮಹಿಳೆಯರಿಗೆ ಕನಿಷ್ಠ ಒಂದು ಆಸನ ಇರಬೇಕೆಂಬ ಕಾನೂನು ಬಂದದ್ದು 1899ರಲ್ಲಿ. ಅಂದರೆ ಇದು ಹೊಸ ಸಮಸ್ಯೆಯೂ ಅಲ್ಲ. ಕುರ್ಚಿಗಳನ್ನು ಮಾರುವ ಮಳಿಗೆಯಲ್ಲಿ ಏಮಿಯ ಗೋಳನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಕಾನೂನುಗಳೇ.

ರಾತ್ರಿ ಪಾಳಿಯ ವಿಷಯ ಕರ್ನಾಟಕಕ್ಕೂ ಸಂಬಂಧಿಸಿದ್ದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂದು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಮಹಾರಾಷ್ಟ್ರ 2017ರ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಕೊಟ್ಟಿತ್ತು. ಕರ್ನಾಟಕದ ಕಾಯ್ದೆ ಪ್ರಕಾರ ಹೆಚ್ಚುವರಿ ಅವಧಿಯ ಕೆಲಸಕ್ಕೆ ಇಮ್ಮಡಿ ದರದ ಕೂಲಿ ಕೊಡಬೇಕು. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಬೇಸಿಲ್ ಏಮಿಯಿಂದ ಕೇಳಿದ್ದೂ ಒಪ್ಪಿಗೆಯೇ. ಬಾಡಿಗೆ ಬಾಕಿ ಇರುವವರು ಕೊಡುವ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬುದನ್ನು ಕಾದಂಬರಿ ಕೇಳುತ್ತದೆ, ಅಧಿಸೂಚನೆಗಳು ಕೇಳುವುದಿಲ್ಲ.

ಓದುವುದಾದರೆ

ಹೆಂಡ್ರಿಕ್ಸ್ ನ್ಯೂಯಾರ್ಕ್ ಏಷ್ಯನ್ ಫಿಲ್ಮ್ ಫೆಸ್ಟಿವಲ್ ಕಟ್ಟಿದವರಲ್ಲಿ ಒಬ್ಬರು. ಅತೀಂದ್ರಿಯ ವಿಷಯಗಳ ಸಂಶೋಧನೆ ನಡೆಸುವ ಸಂಸ್ಥೆಯೊಂದರಲ್ಲೂ ಕೆಲಸ ಮಾಡಿದವರು. ‘ಹಾರರ್‌ಸ್ಟೋರ್’ ನಂತರ ‘ಮೈ ಬೆಸ್ಟ್ ಫ್ರೆಂಡ್ಸ್ ಎಕ್ಸಾರ್ಸಿಸಂ’, ‘ದ ಸದರ್ನ್ ಬುಕ್ ಕ್ಲಬ್ಸ್ ಗೈಡ್ ಟು ಸ್ಲೇಯಿಂಗ್ ವ್ಯಾಂಪೈರ್ಸ್’ ಮುಂತಾದವು ಬಂದವು. 70–80ರ ದಶಕಗಳ ಅಗ್ಗದ ಹಾರರ್ ಪುಸ್ತಕಗಳ ಬಗ್ಗೆ ಬರೆದ ‘ಪೇಪರ್‌ಬ್ಯಾಕ್ಸ್ ಫ್ರಂ ಹೆಲ್’ಗೆ ಬ್ರಾಮ್ ಸ್ಟೋಕರ್ ಪ್ರಶಸ್ತಿ ಸಿಕ್ಕಿತು. ಬರವಣಿಗೆಯ ಪಕ್ವತೆ ನೋಡಿದರೆ ಮುಂದಿನ ಪುಸ್ತಕಗಳು ಮೇಲು. ಆದರೆ ‘ಹಾರರ್‌ಸ್ಟೋರ್’ ಒಂದೇ ರಾತ್ರಿಗೆ ಓದಿ ಮುಗಿಸುವಂಥದ್ದು. ಇಂಗ್ಲಿಷ್ ಕಷ್ಟವಿಲ್ಲ. ರಕ್ತ, ಹಿಂಸೆಯ ವಿವರಗಳಿಗೆ ಅಳುಕುವವರು ದ್ವಿತೀಯಾರ್ಧದಲ್ಲಿ ಸ್ವಲ್ಪ ಹುಷಾರು.

ಮೊಬೈಲ್‌ನಲ್ಲಿ ಓದುವ ಬದಲು ಮುದ್ರಿತ ಪ್ರತಿಯನ್ನೇ ಹುಡುಕಿ. ಸಾಮಾನುಗಳ ಚಿತ್ರ, ನಕ್ಷೆ, ಫಾರಂಗಳನ್ನು ಅಗಲ ಪುಟದ ಮೇಲೆ ನೋಡಿದರೇ ಚಂದ. ಇನ್ನೊಂದು ಕಾರಣವೂ ಇದೆ. ಪುಸ್ತಕ ಗೇಲಿ ಮಾಡುವ ಐಕಿಯಾ ಕ್ಯಾಟಲಾಗ್ 1951ರಿಂದ ಅಚ್ಚಾಗುತ್ತಿತ್ತು. 2016ರ ಆವೃತ್ತಿ 32 ಭಾಷೆಗಳಲ್ಲಿ 20 ಕೋಟಿ ಪ್ರತಿ ಮುದ್ರಣವಾಗಿತ್ತು. ಜನ ಎಲ್ಲವನ್ನೂ ಆನ್‌ಲೈನ್‌ನಲ್ಲೇ ನೋಡುತ್ತಾರೆಂದು 2021ರ ಆವೃತ್ತಿಯ ನಂತರ ಕಂಪನಿ ಅದನ್ನು ನಿಲ್ಲಿಸಿತು. ಅಸಲಿ ಈಗ ಅಚ್ಚಾಗುವುದಿಲ್ಲ, ಅದರ ಅಣಕ ಮಾತ್ರ ಇನ್ನೂ ಮಾರಾಟದಲ್ಲಿದೆ.